ಜಾಲಹಳ್ಳಿಗೆ ಪೋಸ್ಟಿಂಗ್, ಮನೆ ಎಲ್ಲಿ ಮಾಡೋದು?

ಪ್ರಶ್ನೆ: ನಾವು ಹಾಸನದ ವಿದ್ಯಾನಗರದವ್ರು. ನಮ್ಮೆಜಮಾನ್ರು ಏರ್ ಫೋರ್ಸ್, ಈಗ ಬೆಂಗಳೂರು ಜಾಲಹಳ್ಳಿಗೆ ಪೋಸ್ಟಿಂಗ್ ಆಗಿದೆ, ಕ್ವಾರ್ಟರ್ಸ್ ಸಿಗೋದು ಲೇಟಂತೆ. ಮಗಳು ಇಲ್ಲೇ ಕೆವಿಲಿ (ಕೇಂದ್ರೀಯ ವಿದ್ಯಾಲಯ) ಐದನೇ ಕ್ಲಾಸು, ಮಗನ್ನ ಒಂದನೇ ಕ್ಲಾಸಿಗೆ ಸೇರಿಸ್ಬೇಕು. ಬಾಡಿಗೆ ಮನೆ ಯಾವ ಏರಿಯಾಲಿ ನೋಡೋದು ಸಾರ್?

ಉತ್ತರ: ಮೊದ್ಲು ಸ್ಕೂಲ್ ಗಟ್ಟಿ ಮಾಡ್ಕೊಳಿ, ಆಮೇಲೆ ಮನೆಗೆ ಅಡ್ವಾನ್ಸ್ ಕೊಡಿ ಕಣಮ್ಮ. ಜಾಲಹಳ್ಳಿಲೇ ಕೇಂದ್ರೀಯ ವಿದ್ಯಾಲಯನೂ ಇದೆ, ಏರ್ ಫೋರ್ಸ್ ಸ್ಕೂಲೂ ಇದೆ. ಮಗಳು ಈಗ್ಲೇ ಕೆವಿಲಿ ಇರೋದ್ರಿಂದ ಟಿಸಿ, ಯಜಮಾನ್ರ ಟ್ರಾನ್ಸ್‌ಫರ್ ಆರ್ಡರ್ ಎರಡೂ ಕೈಲಿಟ್ಕೊಂಡು ಹೋಗಿ ಪ್ರಿನ್ಸಿಪಾಲರನ್ನ ನೋಡಿ. ಮಗನ್ನ ಕೆವಿಗೆ ಸೇರಿಸೋಕೆ ಅವನಿಗೆ ಮಾರ್ಚ್ 31ಕ್ಕೆ 6 ವರ್ಷ ತುಂಬಿರ್ಬೇಕು, ಹೋದ 7 ವರ್ಷದಲ್ಲಿ ಅಪ್ಪನಿಗೆ ಎಷ್ಟು ಟ್ರಾನ್ಸ್‌ಫರ್ ಆಗಿದೆ ಅನ್ನೋದನ್ನೂ ಅಡ್ಮಿಷನ್‌ಗೆ ಲೆಕ್ಕಕ್ಕೆ ತಗೋತಾರೆ, ಅದಕ್ಕೆ ಯೂನಿಟ್ಟಿಂದ ಸರ್ವಿಸ್ ಸರ್ಟಿಫಿಕೇಟ್ ಈಗ್ಲೇ ತಗೊಂಡಿಟ್ಟಿರಿ.

ಇನ್ನು ಮನೆ. ಜಾಲಹಳ್ಳಿ ಮೆಟ್ರೋ ಸ್ಟೇಷನ್ ಹತ್ರ ಅಂತ ಯಾರಾದ್ರೂ ತೋರ್ಸಿದ್ರೆ ತಕ್ಷಣ ಒಪ್ಕೋಬೇಡಿ, ಅದಿರೋದು ತುಮಕೂರು ರೋಡಲ್ಲಿ, ಏರ್ ಫೋರ್ಸ್ ಕಡೆಗೆ ಅಲ್ಲಿಂದ ದೂರ ಆಗುತ್ತೆ, ಚಿಕ್ಕ ಮಕ್ಕಳು ದಿನಾ ಬೆಳಿಗ್ಗೆ ಆ ಟ್ರಾಫಿಕ್ಕಲ್ಲಿ ಸಿಕ್ಕಾಕೊಳೋದು ನನಗೆ ಸುತರಾಂ ಇಷ್ಟ ಇಲ್ಲ. ಗಂಗಮ್ಮನ ಗುಡಿ ಸರ್ಕಲ್, ಎಂ.ಎಸ್. ಪಾಳ್ಯ, ವಿದ್ಯಾರಣ್ಯಪುರ ಇವನ್ನ ನೋಡಿ. ನಾನಾದ್ರೆ ವಿದ್ಯಾರಣ್ಯಪುರನೇ ಅಂತೀನಿ, ಕನ್ನಡದವ್ರು ಜಾಸ್ತಿ, ಅಂಗಡಿ ಆಸ್ಪತ್ರೆ ಎಲ್ಲಾ ಕೈಗೆ ಸಿಗುತ್ತೆ. ಮನೆ ನೋಡೋಕೆ ಭಾನುವಾರ ಹೋಗ್ಬೇಡಿ, ಸ್ಕೂಲಿರೋ ದಿನ ಬೆಳಿಗ್ಗೆನೇ ಹೋಗಿ, ರಸ್ತೆ ಹೆಂಗಿರುತ್ತೆ ಗೊತ್ತಾಗುತ್ತೆ. ಊರಿಗೆ ಬರೋಕೆ ಯಶವಂತಪುರದಿಂದ ಕುಣಿಗಲ್ ಮೇಲೆ ಹಾಸನಕ್ಕೆ ಟ್ರೈನಿದೆ.