ಸೋಲುತ್ತಿರುವ ಕಾಲೇಜು ಫುಟ್‌ಬಾಲ್ ತಂಡದ ಹೆಡ್ ಕೋಚ್ ಇರಬೇಕೋ, ಹೋಗಬೇಕೋ?

ಪ್ರಶ್ನೆ: ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದಿದ್ದೇನೆ. ನಮ್ಮ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡ ಮೂರು ವರ್ಷದಿಂದ ಸೋಲುತ್ತಲೇ ಇದೆ. ಹೆಡ್ ಕೋಚನ್ನು ತೆಗೆಯಬೇಕು ಅಂತ ಅರ್ಧ ಜನ, ಇನ್ನೊಂದು ವರ್ಷ ಕೊಡೋಣ ಅಂತ ಇನ್ನರ್ಧ. ಇಂಥದ್ದನ್ನು ನಿಜಕ್ಕೂ ಯಾವ ಆಧಾರದ ಮೇಲೆ ತೀರ್ಮಾನಿಸಬೇಕು?

ಉತ್ತರ:

ಎಷ್ಟು ಗೆದ್ದರು, ಎಷ್ಟು ಸೋತರು ಎಂಬ ಲೆಕ್ಕದಿಂದ ಇದು ತೀರ್ಮಾನವಾಗುವುದಿಲ್ಲ. ತಂಡದಲ್ಲಿ ಕೆಟ್ಟಿರುವ ಭಾಗ ಯಾವುದು ಎಂದು ಮೊದಲು ಕಂಡುಹಿಡಿಯಬೇಕು. ಆಮೇಲೆ, ಅದನ್ನು ರಿಪೇರಿ ಮಾಡಲು ಈ ಕೋಚ್ ತನ್ನ ಕೈಯಲ್ಲಿರುವ ಏನನ್ನು ಬಿಟ್ಟುಕೊಡುತ್ತಾನೆ ಎಂದು ಕೇಳಬೇಕು. ಎರಡಕ್ಕೂ ನೇರ ಉತ್ತರ ಸಿಕ್ಕರೆ ಇಟ್ಟುಕೊಳ್ಳಬಹುದು. ಸಿಗದಿದ್ದರೆ 'ಇನ್ನೊಂದು ವರ್ಷ' ಅನ್ನುವುದು ಬರೀ ಮುಂದೂಡಿಕೆ, ಅದಕ್ಕೆ ತೆರುವ ಬೆಲೆಯೂ ಕಡಿಮೆಯಲ್ಲ.

ಇದಕ್ಕೆ ನೆಬ್ರಾಸ್ಕಾ ಯೂನಿವರ್ಸಿಟಿಗಿಂತ ಒಳ್ಳೆಯ ಪಾಠ ಇಲ್ಲ. 1997ರಲ್ಲಿ ಅದೇ ತಂಡ ಚಾಂಪಿಯನ್ ಆದಾಗ ಆಕ್ರಮಣ ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಸ್ಕಾಟ್ ಫ್ರಾಸ್ಟ್, 2017ರಲ್ಲಿ ಸೆಂಟ್ರಲ್ ಫ್ಲೋರಿಡಾ ತಂಡಕ್ಕೆ ಹದಿಮೂರಕ್ಕೆ ಹದಿಮೂರೂ ಪಂದ್ಯ ಗೆಲ್ಲಿಸಿ ತವರಿಗೆ ಕೋಚ್ ಆಗಿ ಮರಳಿದರು. ಮನೆಮಗ ಬಂದ ಎಂದು ಇಡೀ ರಾಜ್ಯ ಸಂಭ್ರಮಿಸಿತು. ಆಮೇಲಿನ ದಾಖಲೆ ಹೀಗಿದೆ (ಗೆಲುವು ಮೊದಲು, ಸೋಲು ಆಮೇಲೆ): 4-8, 5-7, 3-5 (ಕೋವಿಡ್ ವರ್ಷ, ಎಂಟೇ ಪಂದ್ಯ), 3-9. ವರ್ಷಕ್ಕೆ 12 ಪಂದ್ಯ ಆಡುವ ಈ ಆಟದಲ್ಲಿ ಆರು ಗೆದ್ದರೆ ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ಅರ್ಹತೆ ಸಿಗುತ್ತದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಆರು ಗೆಲ್ಲಲಿಲ್ಲ, ಬೌಲ್ ಆಡಲಿಲ್ಲ.

ಆದರೂ 2021ರ ಆ 3-9 ವಿಚಿತ್ರವಾಗಿತ್ತು. ಒಂಬತ್ತು ಸೋಲುಗಳಲ್ಲಿ ಒಂದೂ ಒಂಬತ್ತು ಪಾಯಿಂಟ್‌ಗಿಂತ ಹೆಚ್ಚಿನ ಅಂತರದ್ದಲ್ಲ. ಇಡೀ ಸೀಸನ್ ಕೂಡಿದರೆ ಎದುರಾಳಿಗಳಿಗಿಂತ 63 ಪಾಯಿಂಟ್ ಜಾಸ್ತಿಯನ್ನೇ ಗಳಿಸಿದ್ದರು. ಅಂಕಿಅಂಶ ಬಲ್ಲವರು ಇದನ್ನು ದುರದೃಷ್ಟ ಎನ್ನುತ್ತಾರೆ. ಕೂದಲೆಳೆಯ ಪಂದ್ಯಗಳು ಕಾಲಾಂತರದಲ್ಲಿ ಅರ್ಧಕ್ಕರ್ಧ ಹಂಚಿಹೋಗುತ್ತವೆ, ಮುಂದಿನ ವರ್ಷ ತಾನಾಗಿ ಸರಿಹೋಗುತ್ತದೆ ಎಂಬುದು ಅವರ ವಾದ. ಒಂದು ವರ್ಷದ ಮಟ್ಟಿಗೆ ಆ ವಾದ ಸರಿ. ಫ್ರಾಸ್ಟ್ ಕಾಲದಲ್ಲಿ ಎಂಟು ಅಥವಾ ಅದಕ್ಕಿಂತ ಕಡಿಮೆ ಪಾಯಿಂಟ್ ಅಂತರದ ಪಂದ್ಯಗಳ ಒಟ್ಟು ದಾಖಲೆ 5-22. ನಾಣ್ಯ ಇಪ್ಪತ್ತೇಳು ಸಲ ಹಾರಿಸಿ ಐದೇ ಸಲ ತಲೆ ಬಿದ್ದರೆ ಪರೀಕ್ಷಿಸಬೇಕಾದದ್ದು ನಾಣ್ಯವನ್ನು.

ಆ ನಾಣ್ಯದ ದೋಷ ಕಣ್ಣಿಗೆ ಕಾಣುವಂಥದ್ದೇ. ಮಿಷಿಗನ್ ಸ್ಟೇಟ್ ವಿರುದ್ಧ ಗೆಲುವು ಹತ್ತಿರದಲ್ಲಿದ್ದಾಗ ಪಂಟ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ತಪ್ಪು ದಿಕ್ಕಿಗೆ ಹೋಯಿತು, ಎದುರಾಳಿ ಅದನ್ನು ಹಿಡಿದು ಕೊನೆಯ ಗೆರೆ ದಾಟುವವರೆಗೆ, ಅಂದರೆ ಟಚ್‌ಡೌನ್‌ವರೆಗೆ ಓಡಿದ. ಅಯೋವಾ ವಿರುದ್ಧ ಪಂಟ್ ತಡೆಯಲ್ಪಟ್ಟು ಟಚ್‌ಡೌನ್ ಆಯಿತು. ಎಂದರೆ ಕೆಟ್ಟಿದ್ದ ಭಾಗ ಒದೆತದ ಕೆಲಸ ನೋಡುವ ಸ್ಪೆಷಲ್ ಟೀಮ್ಸ್, ಅದರ ಜೊತೆಗೆ ಪಂದ್ಯದ ಕೊನೆಯಲ್ಲಿ ಬೆಂಚಿನಿಂದ ಬರುವ ನಿರ್ಧಾರಗಳು. ಗಜಗಟ್ಟಲೆ ಮುನ್ನುಗ್ಗುತ್ತಿದ್ದ ಆಕ್ರಮಣ ವಿಭಾಗ ಅಲ್ಲವೇ ಅಲ್ಲ.

2021ರ ನವೆಂಬರ್‌ನಲ್ಲಿ ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮುಖ್ಯಸ್ಥ (ಅಥ್ಲೆಟಿಕ್ ಡೈರೆಕ್ಟರ್) ಟ್ರೆವ್ ಆಲ್ಬರ್ಟ್ಸ್ ಫ್ರಾಸ್ಟರನ್ನು ಉಳಿಸಿಕೊಂಡರು. ಸಂಬಳ 50 ಲಕ್ಷ ಡಾಲರ್‌ನಿಂದ 40 ಲಕ್ಷಕ್ಕೆ ಇಳಿಯಿತು. ಕೆಲಸ ಕಳೆದುಕೊಂಡವರು ನಾಲ್ವರು ಸಹಾಯಕ ಕೋಚ್‌ಗಳು, ನಾಲ್ವರೂ ಆಕ್ರಮಣ ವಿಭಾಗದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಸ್ಪೆಷಲ್ ಟೀಮ್ಸ್‌ಗೂ ಒಬ್ಬರನ್ನು ನೇಮಿಸಿದರು, ನಿಜ. ಆದರೆ ಕೊನೆಯ ಮಾತು ಹೆಡ್ ಕೋಚ್‌ದೇ ಆಗಿ ಉಳಿಯಿತು. 2022ರ ಮೊದಲ ಪಂದ್ಯ ಡಬ್ಲಿನ್‌ನಲ್ಲಿ, ನಾರ್ತ್‌ವೆಸ್ಟರ್ನ್ ಎದುರು. 28-17ರಿಂದ ಮುಂದಿದ್ದಾಗ ಫ್ರಾಸ್ಟ್ ಆನ್‌ಸೈಡ್ ಕಿಕ್ ಮಾಡಿಸಿದರು. ಚೆಂಡನ್ನು ದೂರ ಒದೆಯದೆ ಹತ್ತಿರವೇ ಒದ್ದು ತಾವೇ ಹಿಡಿದುಕೊಳ್ಳುವ ಜೂಜು ಅದು, ಸಾಮಾನ್ಯವಾಗಿ ಹಿಂದೆ ಬಿದ್ದವರು ಆಡುವಂಥದ್ದು. ಚೆಂಡು ನಾರ್ತ್‌ವೆಸ್ಟರ್ನ್ ಕೈಗೆ ಹೋಯಿತು, ಪಂದ್ಯ 31-28ಕ್ಕೆ ಹೋಯಿತು. ಆ ವರ್ಷ ನಾರ್ತ್‌ವೆಸ್ಟರ್ನ್ ದಾಖಲೆ 1-11. ಆ ಒಂದು ಇದೇ.

ಎರಡು ವಾರದ ನಂತರ ಜಾರ್ಜಿಯಾ ಸದರ್ನ್ ತವರಿಗೇ ಬಂದು 642 ಗಜ ಗಳಿಸಿ 45-42ರಿಂದ ಸೋಲಿಸಿತು. ಮರುದಿನ, ಸೆಪ್ಟೆಂಬರ್ 11ರಂದು, ಫ್ರಾಸ್ಟ್ ವಜಾ. ಹೊಸ ಒಪ್ಪಂದದ ಪ್ರಕಾರ ಅಕ್ಟೋಬರ್ 1ರವರೆಗೆ ಕಾದಿದ್ದರೆ ಕೊಡಬೇಕಾದ ಮೊತ್ತ 1.5 ಕೋಟಿ ಡಾಲರ್‌ನಿಂದ 75 ಲಕ್ಷಕ್ಕೆ ಇಳಿಯುತ್ತಿತ್ತು. ಮೂರು ವಾರಕ್ಕೆ 75 ಲಕ್ಷ ಡಾಲರ್! ದುಂದು ಎಂದು ಬಹಳ ಜನ ಬೈದರು. ನನ್ನ ದೃಷ್ಟಿಯಲ್ಲಿ ತಪ್ಪಾದದ್ದು ಸೆಪ್ಟೆಂಬರ್‌ನಲ್ಲಿ ಅಲ್ಲ, ಹಿಂದಿನ ನವೆಂಬರ್‌ನಲ್ಲಿ. ಒಪ್ಪಂದದಲ್ಲಿ ಅಂಥ ತಾರೀಕು ಬರೆದ ಕ್ಷಣದಿಂದ ಆಟಗಾರರು, ಅವರ ಅಪ್ಪ-ಅಮ್ಮ, ಹೈಸ್ಕೂಲ್ ಆಟಗಾರರನ್ನು ಸೆಳೆಯುವ ಎದುರಾಳಿ ತಂಡಗಳ ರಿಕ್ರೂಟರ್‌ಗಳು ಎಲ್ಲರೂ ಕ್ಯಾಲೆಂಡರ್ ನೋಡತೊಡಗುತ್ತಾರೆ. ಆ ಕೋಚ್‌ನ ಮಾತು ನಂಬಿ ಹೈಸ್ಕೂಲ್ ಹುಡುಗ ಯಾಕೆ ಸಹಿ ಹಾಕಬೇಕು?

ಇದರ ಪಕ್ಕದಲ್ಲೇ ಮಿಷಿಗನ್ ಇಡಿ. 2020ರ ಕೋವಿಡ್ ಸೀಸನ್‌ನಲ್ಲಿ ಜಿಮ್ ಹಾರ್ಬಾ ದಾಖಲೆ 2-4. ಅಲ್ಲೂ ಸಂಬಳ ಸುಮಾರು ಅರ್ಧಕ್ಕೆ ಇಳಿಯಿತು, ಕಡಿತವಾದದ್ದನ್ನು ಗೆದ್ದು ಗಳಿಸಲು ಬೋನಸ್ ಇಟ್ಟರು. ಆದರೆ ಒಪ್ಪಂದವನ್ನು 2025ರವರೆಗೆ ವಿಸ್ತರಿಸಿದರು, ತೆಗೆದುಹಾಕಿದರೆ ಕೊಡಬೇಕಾದ ಹಣವನ್ನು 40 ಲಕ್ಷ ಡಾಲರ್‌ಗೆ ಇಳಿಸಿ ವರ್ಷವರ್ಷ ಕಡಿಮೆಯಾಗುವಂತೆ ಮಾಡಿದರು. ಸಹಿ ಹಾಕುವ ಹುಡುಗನಿಗೆ ಕಾಣುವುದು 2025, ಯೂನಿವರ್ಸಿಟಿಗೆ ಕಾಣುವುದು ಅಗ್ಗದ ಬಾಗಿಲು. ಬಹಳ ಜಾಣತನದ ಬರವಣಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಓಹಾಯೋ ಸ್ಟೇಟ್ ಎದುರು ಮತ್ತೆಮತ್ತೆ ಚಿಂದಿಯಾಗುತ್ತಿದ್ದ ರಕ್ಷಣಾ ವಿಭಾಗವನ್ನೇ ಬದಲಿಸಿದರು. ಆ ವಿಭಾಗ ನಡೆಸುತ್ತಿದ್ದ ಹಳೆಯ ಕೋಆರ್ಡಿನೇಟರ್ ಹೋಗಿ ವೃತ್ತಿಪರ ತಂಡವಾದ ಬಾಲ್ಟಿಮೋರ್ ರೇವನ್ಸ್‌ನಿಂದ ಮೂವತ್ತರ ಹರೆಯದ ಮೈಕ್ ಮ್ಯಾಕ್‌ಡೊನಾಲ್ಡ್ ಬಂದರು. 2021ರಲ್ಲಿ ಓಹಾಯೋ ಸ್ಟೇಟ್ ವಿರುದ್ಧ 42-27, ಒಟ್ಟು 12-2. 2023ರಲ್ಲಿ 15-0, ರಾಷ್ಟ್ರೀಯ ಚಾಂಪಿಯನ್. (ಎದುರಾಳಿಗಳ ಸಂಕೇತ ಕದ್ದ ಹಗರಣದ ನೆರಳು ಆ ವರ್ಷಗಳ ಮೇಲಿದೆ, ಅದು ಬೇರೆಯೇ ಚರ್ಚೆ.) ನೋಟರ್ ಡಾಮ್ 2016ರಲ್ಲಿ 4-8 ಆದಾಗಲೂ ಬ್ರಯನ್ ಕೆಲ್ಲಿಯನ್ನು ಉಳಿಸಿ ಕೋಆರ್ಡಿನೇಟರ್‌ಗಳನ್ನು, ವ್ಯಾಯಾಮದ ಕೋಚನ್ನು ಬದಲಿಸಿತು. ಮರುವರ್ಷ 10-3, ಅದರ ಮರುವರ್ಷ ರಾಷ್ಟ್ರೀಯ ಚಾಂಪಿಯನ್ ಪಟ್ಟದ ಪ್ಲೇಆಫ್.

ಬೇಡದ ಮಾದರಿ ಬೇಕಿದ್ದರೆ ಫ್ಲೋರಿಡಾ ನೋಡಿ. 2024ರ ನವೆಂಬರ್ ಆರಂಭದಲ್ಲಿ ತಂಡ 4-4 ಇದ್ದಾಗ ಬಿಲ್ಲಿ ನೇಪಿಯರ್ ಮುಂದುವರಿಯುತ್ತಾರೆ ಎಂದು ಘೋಷಿಸಿದರು. ಕೊನೆಯ ನಾಲ್ಕು ಪಂದ್ಯ ಗೆದ್ದು 8-5 ಆಯಿತು, ಎಲ್ಲರೂ ಬೆನ್ನು ತಟ್ಟಿಕೊಂಡರು. ಆದರೆ ಪ್ರತಿ ಚೆಂಡಿಗೂ ಯಾವ ಆಟ ಎಂದು ಹೇಳುವ ಪ್ಲೇ ಕಾಲಿಂಗ್ ಕೆಲಸವನ್ನು ನೇಪಿಯರ್ ಬೇರೆಯವರಿಗೆ ಬಿಡಲಿಲ್ಲ. ಎಲ್ಲರೂ ವರ್ಷಗಟ್ಟಲೆ ಬೊಟ್ಟುಮಾಡಿದ್ದ ಜಾಗವೇ ಅದು. 2025ರ ಸೆಪ್ಟೆಂಬರ್‌ನಲ್ಲಿ ಸೌತ್ ಫ್ಲೋರಿಡಾ ಎದುರು ತವರಿನಲ್ಲಿ 18-16 ಸೋಲು. ಕೊನೆಯ ನಿಮಿಷಗಳಲ್ಲಿ ಆಟಗಾರನೊಬ್ಬ ಎದುರಾಳಿಗೆ ಉಗುಳಿ 15 ಗಜದ ಪೆನಾಲ್ಟಿ ಕೊಡಿಸಿದ. ಅಕ್ಟೋಬರ್ 19ರಂದು ನೇಪಿಯರ್ ಮನೆಗೆ, ಒಟ್ಟು ದಾಖಲೆ 22-23.

ಈಗ ಹಣ. ಉಳಿದ ವರ್ಷಗಳಿಗೆ ಕೊಡಬೇಕಾದ ಪರಿಹಾರವನ್ನು ಬೈಔಟ್ ಎನ್ನುತ್ತಾರೆ. ಪತ್ರಿಕೆಗಳು ಬರೆಯುವ ದೊಡ್ಡ ಅಂಕಿ ನೋಡಿ ಹೌಹಾರಬೇಡಿ, ಒಪ್ಪಂದದಲ್ಲಿ ಒಂದು ಷರತ್ತು ಇದೆಯೇ ನೋಡಿ: ವಜಾಗೊಂಡ ಕೋಚ್ ಬೇರೆ ಕೆಲಸ ಹುಡುಕಲೇಬೇಕು, ಅಲ್ಲಿ ಸಿಗುವ ಸಂಬಳವನ್ನು ಬೈಔಟ್‌ನಿಂದ ಕಳೆಯಬೇಕು ಎಂಬುದು. ಪೆನ್ ಸ್ಟೇಟ್ 2025ರ ಅಕ್ಟೋಬರ್‌ನಲ್ಲಿ ಜೇಮ್ಸ್ ಫ್ರಾಂಕ್ಲಿನ್‌ರನ್ನು ತೆಗೆದಾಗ ಬಾಕಿ ಸುಮಾರು 4.9 ಕೋಟಿ ಡಾಲರ್. ಕೆಲವೇ ವಾರದಲ್ಲಿ ಅವರು ವರ್ಜೀನಿಯಾ ಟೆಕ್ ಸೇರಿದರು, ಲೆಕ್ಕ 90 ಲಕ್ಷಕ್ಕೆ ಚುಕ್ತಾ ಆಯಿತು. ಟೆಕ್ಸಸ್ ಎ ಆಂಡ್ ಎಂ 2023ರಲ್ಲಿ ಜಿಂಬೊ ಫಿಷರ್‌ರನ್ನು ತೆಗೆದಾಗ ಆ ಷರತ್ತೇ ಇರಲಿಲ್ಲ. ಸುಮಾರು 7.6 ಕೋಟಿ ಡಾಲರ್‌ನಲ್ಲಿ 1.92 ಕೋಟಿ 60 ದಿನದೊಳಗೆ, ಉಳಿದದ್ದು 2031ರವರೆಗೆ ವರ್ಷಕ್ಕೆ 72 ಲಕ್ಷದಂತೆ. ಎರಡು ವರ್ಷ ಮೊದಲು ಒಳ್ಳೆಯ ಸೀಸನ್ನಿನ ಖುಷಿಯಲ್ಲಿ ಒಪ್ಪಂದ ವಿಸ್ತರಿಸಿದ್ದರ ಫಲ ಇದು.

ಬೈಔಟ್ ಒಂದೇ ಖರ್ಚೂ ಅಲ್ಲ. ಕೋಆರ್ಡಿನೇಟರ್‌ಗಳ ಉಳಿದ ಒಪ್ಪಂದ, ಹೊಸ ಕೋಚ್ ಈಗಿರುವ ಯೂನಿವರ್ಸಿಟಿಗೆ ತೆರಬೇಕಾದ ಬಿಡುಗಡೆ ಹಣ, ಹೊಸ ಸಹಾಯಕರು, ಮತ್ತೆ ಕಟ್ಟಬೇಕಾದ ತಂಡ ಎಲ್ಲ ಸೇರಬೇಕು. 2025ರ ಜುಲೈ 1ರಿಂದ ಯೂನಿವರ್ಸಿಟಿಗಳು ಆಟಗಾರರಿಗೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಕ್ರೀಡೆಗಳೂ ಸೇರಿ ಸುಮಾರು 2.05 ಕೋಟಿ ಡಾಲರ್. ಹಳೆಯ ಕೋಚ್‌ಗೆ ಹೋಗುವ ಒಂದೊಂದು ಡಾಲರೂ ಈಗ ಕ್ವಾರ್ಟರ್‌ಬ್ಯಾಕ್‌ಗೆ ಸಿಗದ ಡಾಲರ್. ದೊಡ್ಡ ತಂಡಗಳಲ್ಲಿ ಇದು ಟಿವಿ, ಟಿಕೆಟ್, ದಾನಿಗಳ ಹಣದಿಂದ ಬರುತ್ತದೆ. ಸಣ್ಣ ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳ ಶುಲ್ಕದಿಂದಲೂ ಬರುತ್ತದೆ. ನಿಮ್ಮ ಫೀ ಬಿಲ್‌ನಲ್ಲಿ ಅಥ್ಲೆಟಿಕ್ ಫೀ ಅಂತ ಒಂದು ಸಾಲು ಇದೆಯೇ ಒಮ್ಮೆ ನೋಡಿ. ಸರ್ಕಾರಿ ಯೂನಿವರ್ಸಿಟಿಯಾಗಿದ್ದರೆ ಕೋಚ್‌ನ ಒಪ್ಪಂದ ಬಹುಮಟ್ಟಿಗೆ ಸಾರ್ವಜನಿಕ ದಾಖಲೆ, ಕೇಳಿದರೆ ಸಿಗುತ್ತದೆ.

ಸಮಯದ ವಿಷಯ ಚಿಕ್ಕದು. ಲೀಗ್ ಪಂದ್ಯಗಳು ನವೆಂಬರ್ ಕೊನೆಯ ಶನಿವಾರ ಮುಗಿಯುತ್ತವೆ, ಹೈಸ್ಕೂಲ್ ಹುಡುಗರು ಸಹಿ ಹಾಕುವುದು ಡಿಸೆಂಬರ್ ಮೊದಲ ವಾರ, 2026ರಿಂದ ತಂಡ ಬದಲಿಸುವವರ ಟ್ರಾನ್ಸ್‌ಫರ್ ಪೋರ್ಟಲ್ ಜನವರಿ 2ರಿಂದ 16ರವರೆಗೆ. ಹಾಗಾಗಿ ಡಿಸೆಂಬರ್ ಮಧ್ಯದಲ್ಲಿ ವಜಾ ಮಾಡುವುದು ಅತ್ಯಂತ ಕೆಟ್ಟ ಹೊತ್ತು: ಸಹಿ ಹಾಕಿದವರಿಗೆ ಮೋಸವಾದಂತೆ, ಹುಡುಕಾಟಕ್ಕೂ ದಿನಗಳಿಲ್ಲ. ಇಟ್ಟುಕೊಳ್ಳುವುದಾದರೂ ಡಿಸೆಂಬರ್‌ಗೆ ಮೊದಲೇ ಬಾಯಿಬಿಟ್ಟು ಹೇಳಬೇಕು.

ನಿಮ್ಮ ತಂಡಕ್ಕೆ ಇದನ್ನು ಅನ್ವಯಿಸಲು ಒಂದು ಸಂಜೆ ಸಾಕು. ಕಳೆದ ಎರಡು ಸೀಸನ್ನಿನ 24 ಪಂದ್ಯಗಳ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶಗಳ ಪಟ್ಟಿ) ತೆರೆದು ಎಂಟು ಪಾಯಿಂಟ್ ಒಳಗಿನ ಪಂದ್ಯಗಳನ್ನು ಬೇರೆ ಮಾಡಿ. ಎಂಟು ಯಾಕೆಂದರೆ ಒಂದು ಟಚ್‌ಡೌನ್‌ಗೆ ಆರು, ಮೇಲೆ ಎರಡು. ಒಂದೇ ಏಟಿಗೆ ಸಮ ಮಾಡಬಹುದಾದ ಅಂತರ. ಸೋತ ಪ್ರತಿ ಪಂದ್ಯದ ಕೊನೆಯ ಕಾಲುಭಾಗ ಓದಿ ಕಾರಣ ಬರೆಯಿರಿ: ಚೆಂಡು ಕಳೆದುಕೊಂಡದ್ದೇ, ಒದೆತವೇ, ಪೆನಾಲ್ಟಿಯೇ, ಗಡಿಯಾರದ ಎಡವಟ್ಟೇ. ಕಾರಣಗಳು ಚೆಲ್ಲಾಪಿಲ್ಲಿಯಾಗಿದ್ದರೆ ಅದೃಷ್ಟದ ಪಾಲಿದೆ. ಒಂದೇ ಕಾರಣ ಐದಾರು ಸಲ ಬಂದರೆ ರೋಗ ಸಿಕ್ಕಿತು.

ಪೆನಾಲ್ಟಿಗಳಲ್ಲೂ ಎಲ್ಲ ಒಂದೇ ಅಲ್ಲ. ಗುದ್ದಾಟದಲ್ಲಿ ಹಿಡಿದು ಎಳೆದದ್ದು ಆಟಗಾರನ ತಪ್ಪು. ಚೆಂಡು ಆಟಕ್ಕೆ ಬರುವ ಮೊದಲೇ ಕದಲಿದ್ದು, ಹನ್ನೆರಡು ಜನ ಮೈದಾನದಲ್ಲಿದ್ದದ್ದು, ಟೈಮ್‌ಔಟ್ ತೆಗೆದುಕೊಂಡ ಮೇಲೂ ತಡ ಮಾಡಿದ್ದು, ಇವು ಕೋಚಿಂಗ್‌ನ ತಪ್ಪು. ಇವು ಮೂರನೇ ವರ್ಷವೂ ಕಡಿಮೆಯಾಗದಿದ್ದರೆ ನನಗೆ ಬೇರೆ ಸಾಕ್ಷಿ ಬೇಡ.

ಕೊನೆಗೆ ಆಕ್ರಮಣದ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಐವರು ಲೈನ್‌ಮನ್‌ಗಳನ್ನು ನೋಡಿ. ಹೈಸ್ಕೂಲಿನಿಂದ ಬಂದ ಲೈನ್‌ಮನ್ ಮೈ ಕಟ್ಟಿಕೊಂಡು ಆಡಲು ತಯಾರಾಗಲು ಎರಡು-ಮೂರು ವರ್ಷ ಹಿಡಿಯುತ್ತದೆ. ನಿಮ್ಮ ಕೋಚ್ ಮೊದಲ ವರ್ಷ ತಂದ ಹುಡುಗರು ಈಗ ಆ ಸಾಲಿನಲ್ಲಿ ನಿಂತಿದ್ದರೆ ಕಾಯುವುದರಲ್ಲಿ ಅರ್ಥವಿದೆ. ವರ್ಜೀನಿಯಾ ಟೆಕ್‌ನ ಫ್ರಾಂಕ್ ಬೀಮರ್ ಆರನೇ ವರ್ಷ, 1992ರಲ್ಲಿ, 2-8-1 (ಕೊನೆಯದು ಡ್ರಾ) ಆಗಿದ್ದವರು. ಉಳಿಸಿಕೊಂಡರು, ಸಹಾಯಕರನ್ನು ಬದಲಿಸಿದರು, ಮರುವರ್ಷದಿಂದ 2015ರಲ್ಲಿ ನಿವೃತ್ತರಾಗುವವರೆಗೆ ಸತತ 23 ಬೌಲ್ ಪಂದ್ಯ. ಆದರೆ ಮೂರನೇ ವರ್ಷವೂ ಐವರಲ್ಲಿ ನಾಲ್ವರು ಪೋರ್ಟಲ್‌ನಿಂದ ತಂದ ಬಾಡಿಗೆಯವರಾಗಿದ್ದರೆ, ನಿಮ್ಮ ಕೋಚ್ ಬೆಳೆಸುತ್ತಿರುವುದು ಏನೂ ಇಲ್ಲ, ನೀವು ಕಾಯುತ್ತಿರುವುದು ಯಾರನ್ನೂ ಅಲ್ಲ.