ಹೊಸಬರ ಮೊದಲ ಐದು ದಿನ

ಪ್ರಶ್ನೆ: ನಾನು ಎರಕದ ಕಾರ್ಖಾನೆಯ ಮೇಲ್ವಿಚಾರಕ. ಹಳಬರು ಪಾಳಿಯುದ್ದಕ್ಕೂ ಕುಲುಮೆಯ ಬಳಿ ದುಡಿಯುತ್ತಾರೆ. ಹೊಸಬರು ಎರಡನೆಯ ದಿನವೇ ತಲೆಸುತ್ತಿ ಬೀಳುತ್ತಾರೆ. ಉಪ್ಪಿನ ಮಾತ್ರೆ ಕೊಟ್ಟರೂ ಉಪಯೋಗವಾಗಿಲ್ಲ. ಈಗಿನವರಿಗೆ ತಾಳಿಕೆ ಕಡಿಮೆಯೇ?

ಉತ್ತರ: ಬೇರೆ ಬೇರೆ ಮಾತುಗಳಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಸಲವೂ ತಪ್ಪು ಹೊರಿಸುವುದು ಕುಸಿದು ಬಿದ್ದವನ ಮೇಲೆಯೇ. ಇದು ತಾಳಿಕೆಯ ವಿಷಯವಲ್ಲ. ಬಿಸಿಯಲ್ಲಿ ದಿನವೂ ದುಡಿದ ದೇಹವು ಒಂದೆರಡು ವಾರಗಳಲ್ಲಿ ಬೇಗ ಹಾಗೂ ಹೆಚ್ಚು ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಹೋಗುವ ಉಪ್ಪನ್ನು ತಗ್ಗಿಸಿಕೊಳ್ಳುತ್ತದೆ, ಅದೇ ಕೆಲಸಕ್ಕೆ ಹೃದಯ ಕಡಿಮೆ ಬಡಿಯುತ್ತದೆ. ಹೊಸಬರ ದೇಹಕ್ಕೆ ಇದಾವುದೂ ಇನ್ನೂ ಒದಗಿರುವುದಿಲ್ಲ. ಆದ್ದರಿಂದ ಮೊದಲ ದಿನ ಪಾಳಿಯ ಶೇ 20ರಷ್ಟು ಹೊತ್ತು, ಅಂದರೆ ಎಂಟು ಗಂಟೆಯಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ ಅವರನ್ನು ಬಿಸಿಯಲ್ಲಿ ನಿಲ್ಲಿಸಿ, ದಿನಕ್ಕೆ ಶೇ 20ರಂತೆ ಏರಿಸಿ. ಒಂದು ವಾರಕ್ಕೂ ಹೆಚ್ಚು ರಜೆ ಮುಗಿಸಿ ಬಂದ ಹಳಬರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರಿಗೂ ಕ್ರಮವಾಗಿ ಶೇ 50, 60, 80, ನಾಲ್ಕನೆಯ ದಿನ ಪೂರ್ತಿ ಎಂಬ ಕ್ರಮ ಬೇಕು. ನಾನಾದರೆ ಎರಡು ವಾರ ಹೊಸಬರನ್ನು ಒಂಟಿಯಾಗಿ ಬಿಡುವುದಿಲ್ಲ, ಏಕೆಂದರೆ ಕೆಲಸ ಕಳೆದುಕೊಳ್ಳುವ ಭಯವಿರುವವರು ಸಂಕಟವನ್ನು ತಾವಾಗಿ ಹೇಳಿಕೊಳ್ಳುವುದಿಲ್ಲ.

ಉಪ್ಪಿನ ಮಾತ್ರೆಗಳನ್ನು ಇಂದೇ ನಿಲ್ಲಿಸಿ. ಅವು ಹೊಟ್ಟೆ ತೊಳಸಿ ವಾಂತಿ ತರಿಸುತ್ತವೆ. ಹೊತ್ತಿಗೆ ಸರಿಯಾದ ಊಟ, 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಸಾಕು. ಗಂಟೆಗೆ ಒಂದೂವರೆ ಲೀಟರ್ ಮೀರಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಪ್ರಶ್ನೆ: ಗೋಡೆಯ ಥರ್ಮಾಮೀಟರ್ 34 ಡಿಗ್ರಿ ತೋರಿಸಿದರೆ ಭಯವಿಲ್ಲವಲ್ಲ?

ಉತ್ತರ: ಅದಕ್ಕೆ ತೇವಾಂಶವೂ ತಿಳಿಯದು, ಕುಲುಮೆಯ ಝಳವೂ ತಿಳಿಯದು, ಒದ್ದೆ ಬಲ್ಬು (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್, ತೇವಾಂಶವನ್ನು ಲೆಕ್ಕಕ್ಕೆ ಹಿಡಿಯುತ್ತದೆ) ಮತ್ತು ಕಪ್ಪು ಗೋಳದ (ಝಳವನ್ನು ಅಳೆಯುತ್ತದೆ) ಅಳತೆಗಳನ್ನು ಕೂಡಿಸುವ ಡಬ್ಲ್ಯೂಬಿಜಿಟಿ (WBGT) ಎಂಬ ಸೂಚ್ಯಂಕವನ್ನು ಬಳಸಿ.

ಪ್ರಶ್ನೆ: ತಂಪು ನೀಡುವ ಪುದೀನ ಮುಲಾಮು ರಕ್ಷಿಸುತ್ತದೆಯೇ?

ಉತ್ತರ: ಇಲ್ಲ. ಚರ್ಮಕ್ಕೆ ತಂಪೆನಿಸುತ್ತದೆ, ಒಳಗಿನ ತಾಪ ಇಳಿಯುವುದಿಲ್ಲ. ರಕ್ಷಿಸುತ್ತದೆ ಎಂದು ಹೇಳಿ ಮಾರುವವರು ಕಾರ್ಮಿಕರ ಪ್ರಾಣವನ್ನು ಪಣಕ್ಕಿಡುತ್ತಿದ್ದಾರೆ.

ಪ್ರಶ್ನೆ: ಬೆವರುತ್ತಿರುವವರೆಗೆ ಶಾಖಾಘಾತವಲ್ಲ ಎನ್ನುವುದು ನಿಜವೇ?

ಉತ್ತರ: ಸುಳ್ಳು, ಅದೂ ಜೀವ ತೆಗೆಯುವ ಸುಳ್ಳು. ದುಡಿಯುತ್ತಲೇ ಕುಸಿದವರು ಬೆವರಿನಲ್ಲಿ ತೊಯ್ದಿರಬಹುದು. ಮಾತು ತಡವರಿಸಿದರೆ, ಗೊಂದಲಗೊಂಡರೆ ಆಂಬುಲೆನ್ಸ್‌ಗೆ ಕರೆ ಮಾಡಿಸಿ, ಅದು ಬರುವವರೆಗೆ ಕಾಯದೆ ತಲೆಯನ್ನು ಮೇಲೆ ಹಿಡಿದು ಅವರನ್ನು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.