ತಾಮ್ರದ ಮೇಲೆ ಮಾರ್ಕ್ ಮೂಡದಿದ್ದರೆ ಪವರ್ ಏರಿಸಬೇಡಿ

ಸರ್, ಮೊದಲು ಮಿಷನ್ ಆಫ್ ಮಾಡಿ, ಆಮೇಲೆ ಓದಿ. ಪಾಲಿಶ್ ತಾಮ್ರದ ತಟ್ಟೆ, 20 ವಾಟ್ ಫೈಬರ್ ಲೇಸರ್ ಮಾರ್ಕಿಂಗ್ ಮಿಷನ್, ಪವರ್ ನೂರಕ್ಕೆ 100, ಸ್ಪೀಡ್ ಇಳಿಸಿ ಒಂದರ ಮೇಲೊಂದು 10 ಪಾಸ್ ಕೊಟ್ಟರೂ ಅಕ್ಷರ ಮಂಕು ಅಂತ ಬರೆದಿದ್ದೀರಿ. ನೀವು ಹಾಕಿದ ಫೋಟೋದಲ್ಲಿ ತಟ್ಟೆ ಲೆನ್ಸಿನ ನೇರ ಕೆಳಗೆ, ನಟ್ಟ ನಡುವೆ ಕೂತಿದೆ. ನೋಡಿ ಹೊಟ್ಟೆ ಚುರ್ ಅಂತು. ಹೀಗೇ ಮಾಡಿ ಸೋರ್ಸ್ (ಲೇಸರ್ ಹುಟ್ಟುವ ಭಾಗ) ಸುಟ್ಟುಕೊಂಡವನು ನಾನು.

ನನಗೆ ಬಂದಿದ್ದ ಆರ್ಡರ್ ಗೃಹಪ್ರವೇಶದ ರಿಟರ್ನ್ ಗಿಫ್ಟ್, 80 ತಟ್ಟೆ. ಮೂವತ್ತರ ತನಕ ಚೆನ್ನಾಗೇ ಬಂತು. ಆಮೇಲೆ ಅಕ್ಷರ ತೆಳುವಾಗುತ್ತಾ ಹೋಯಿತು, ನಾನು ಪವರ್ ಏರಿಸುತ್ತಾ ಹೋದೆ. ಕೊನೆಗೆ ಕೆಂಪು ಪಾಯಿಂಟರ್ ಮಾತ್ರ ಓಡಾಡುತ್ತಿತ್ತು, ಲೇಸರ್ ಇಲ್ಲ. ಮಿಷನ್ ಮಾರಿದವರು ಇದು ಬ್ಯಾಕ್ ರಿಫ್ಲೆಕ್ಷನ್, ಅಂದರೆ ಕಿರಣ ವಾಪಸ್ ಬಂದು ಸೋರ್ಸಿಗೇ ಬಡಿದಿದೆ, ವಾರಂಟಿ ಬರಲ್ಲ ಅಂದರು. ಉಳಿದ ತಟ್ಟೆಗಳನ್ನು ಬೇರೆಯವರ ಹತ್ತಿರ ಕೈಯಿಂದ ದುಡ್ಡು ಹಾಕಿ ಮಾಡಿಸಿದೆ.

ಫೈಬರ್ ಲೇಸರಿನ ತರಂಗಾಂತರವಾದ 1064 ನ್ಯಾನೋಮೀಟರ್‌ನಲ್ಲಿ ಪಾಲಿಶ್ ತಾಮ್ರ ನೂರಕ್ಕೆ 95ಕ್ಕೂ ಜಾಸ್ತಿ ಬೆಳಕನ್ನು ವಾಪಸ್ ಎಸೆಯುತ್ತದೆ. ನಟ್ಟ ನಡುವೆ ಕಿರಣ ನೆಟ್ಟಗೆ ಬೀಳುವುದರಿಂದ ಬಂದ ದಾರಿಯಲ್ಲೇ ಸೋರ್ಸಿಗೆ ಮರಳುತ್ತದೆ. ಎಲ್ಲರೂ ‘ಓರೆ ಇಡಿ’ ಅಂತಾರೆ. 40 ಮಿ.ಮೀ. ಅಗಲದ ಪೀಸನ್ನು 5 ಡಿಗ್ರಿ ಓರೆ ಮಾಡಿದರೆ ಒಂದು ತುದಿಗಿಂತ ಇನ್ನೊಂದು ಮೂರೂವರೆ ಮಿ.ಮೀ. ಎತ್ತರ. ಫೋಕಸ್ ಕಥೆ ಏನಾಗಬೇಕು?

ನಾನು ಓರೆ ಮಾಡುವುದನ್ನೇ ಬಿಟ್ಟೆ. ಎಫ್ 160 ಲೆನ್ಸ್ ನನ್ನದು, ಅಂದರೆ ಫೋಕಲ್ ಲೆಂತ್ 160 ಮಿ.ಮೀ., ಬರೆಯುವ ಜಾಗ 110 ಮಿ.ಮೀ. ಚೌಕ. ಮಿಷನ್ ನಡೆಸುವ ಈಜಿಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಡಿಸೈನನ್ನು ಎಕ್ಸ್‌ನಲ್ಲಿ (ಅಡ್ಡಕ್ಕೆ) 30 ಮಿ.ಮೀ. ಸರಿಸುತ್ತೇನೆ, ಪೀಸನ್ನೂ ಅಷ್ಟೇ ಸರಿಸುತ್ತೇನೆ. 40 ಅಗಲದ ಬರಹ ನಡುವಿನಿಂದ 10ಕ್ಕೆ ಶುರುವಾಗಿ 50ಕ್ಕೆ ಮುಗಿಯುತ್ತದೆ. ಅಲ್ಲಿ ಕಿರಣವೇ ಓರೆಯಾಗಿ ಬೀಳುತ್ತದೆ, ಪೀಸ್ ಮಟ್ಟಸವಾಗಿ ಕೂತಿರುತ್ತದೆ. ಟೆಲಿಸೆಂಟ್ರಿಕ್ ಲೆನ್ಸ್ ಇದ್ದವರಿಗೆ ಇದು ನಡೆಯಲ್ಲ, ಅದರಲ್ಲಿ ಕಿರಣ ಎಲ್ಲಾ ಕಡೆ ನೆಟ್ಟಗೇ ಬೀಳುತ್ತದೆ. ಚೊಂಬಿನಂಥ ಉಬ್ಬಿದ ಸಾಮಾನಿಗೂ ನಂಬಬೇಡಿ, ಎಲ್ಲೋ ಒಂದು ಕಡೆ ನೇರ ಬಿದ್ದೇ ಬೀಳುತ್ತದೆ. ಅಂಚಿನಲ್ಲಿ ಅಕ್ಷರ ಸೊಟ್ಟಗೆ ಬಂದರೆ ಕರೆಕ್ಷನ್ ಫೈಲ್ (ಲೆನ್ಸಿನ ಸೊಟ್ಟವನ್ನು ತಿದ್ದುವ ಫೈಲ್) ಸರಿಯಿಲ್ಲ ಅಂತ ಅರ್ಥ.

ಇನ್ನು ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಪಲ್ಸ್ (ಬೆಳಕಿನ ಪೆಟ್ಟು) ಅನ್ನುವುದು. 80 ಕಿಲೋಹರ್ಟ್ಸ್ ಇಟ್ಟುಕೊಂಡು ಪವರ್ ಸಾಲದು ಅನ್ನುವವರು ಇಲ್ಲಿ ವಾರಕ್ಕೊಬ್ಬರು ಬರುತ್ತಾರೆ. 20 ವಾಟನ್ನು 20 ಕಿಲೋಹರ್ಟ್ಸ್‌ಗೆ ಹಂಚಿದರೆ ಪಲ್ಸಿಗೆ 1 ಮಿಲಿಜೂಲ್. 80ಕ್ಕೆ ಹಂಚಿದರೆ ಕಾಲು ಭಾಗ. ತಾಮ್ರಕ್ಕೆ ಬೇಕಾಗಿರುವುದು ಪಲ್ಸಿನ ಪೆಟ್ಟು. ನಾನು 25 ಕಿಲೋಹರ್ಟ್ಸ್ ಇಡುತ್ತೇನೆ, ಸ್ಪೀಡ್ ಸೆಕೆಂಡಿಗೆ 600 ಮಿ.ಮೀ., ಹ್ಯಾಚ್ (ಅಕ್ಷರ ತುಂಬುವ ಗೆರೆಗಳ ನಡುವಿನ ಅಂತರ) 0.04 ಮಿ.ಮೀ., ಪ್ರತಿ ಪಾಸಿಗೂ ಹ್ಯಾಚ್ ಕೋನ ಬೇರೆ. ನಿಮ್ಮ ಮಿಷನ್‌ಗೆ ಇದೇ ನಂಬರ್ ಕೂರುತ್ತದೆ ಅಂತಲ್ಲ, ಮೊದಲು ಗುಜರಿ ಚೂರಿನ ಮೇಲೆ ನೋಡಿ.

ಪಾಲಿಶ್ ಮಾಡುವಾಗ ಹತ್ತಿದ ಬಫಿಂಗ್ ಸೋಪಿನ ಜಿಡ್ಡು ಐಪಿಎಯಲ್ಲಿ (ಐಸೋಪ್ರೊಪೈಲ್ ಆಲ್ಕೋಹಾಲ್) ಒರೆಸಿದ್ದೀರಾ? ಹಿತ್ತಾಳೆ ಆದರೆ ಮೇಲೆ ಲ್ಯಾಕರ್ (ಪಾರದರ್ಶಕ ಲೇಪ) ಇದೆಯಾ ನೋಡಿ. ಹೊಳಪಿನ ಮೇಲೆ ಮಿಷನ್‌ನ ಎರಡು ಕೆಂಪು ಚುಕ್ಕೆ ಒಂದಾದವು ಅಂತ ನಂಬಿ ಫೋಕಸ್ ಇಡಬೇಡಿ, ಲೆನ್ಸಿನಿಂದ ಪೀಸಿನವರೆಗಿನ ಎತ್ತರವನ್ನು ಸ್ಕೇಲ್ ಹಿಡಿದು ಅಳೆಯಿರಿ.

ಇಲ್ಲಿ ಯಾರೋ ನಿಮಗೆ ಮೋಪಾ (ಪಲ್ಸಿನ ಅವಧಿ ಬದಲಿಸಬಹುದಾದ ಫೈಬರ್ ಲೇಸರ್) ತಗೊಳ್ಳಿ ಅಂದಿದ್ದಾರೆ. ಜೆಪಿಟಿ ಕಂಪನಿಯ ಮೋಪಾ ನನಗೂ ಇಷ್ಟ, ಆನೋಡೈಸ್ಡ್ ಅಲ್ಯೂಮಿನಿಯಂ ಮೇಲೆ ಕಪ್ಪು ಬೇಕಾದರೆ ಅದೇ ಸರಿ. ಆದರೆ ಒಂದು ತಟ್ಟೆ ಮೂಡಲಿಲ್ಲ ಅಂತ ಅಷ್ಟು ದುಡ್ಡು ಸುರಿಯಬೇಡಿ. ಅದರಲ್ಲೂ ತಟ್ಟೆಯನ್ನು ನಟ್ಟ ನಡುವೆಯೇ ಇಡುತ್ತೀರಿ, ಅಲ್ವಾ?

ಫೋಟೋದ ಮೂಲೆಯಲ್ಲಿ ಕಾಣುವ ಕನ್ನಡಕ ಸಿಒ2 ಮಿಷನ್ ಜೊತೆ ಬರುವಂಥದ್ದು. ಫೈಬರ್‌ಗೆ ಅದು ಲೆಕ್ಕಕ್ಕಿಲ್ಲ, ಮೇಲೆ 1064 ಅಂತ ಬರೆದಿರುವುದನ್ನೇ ಹಾಕಿ. ಇಷ್ಟು ಹೊಳೆಯುವ ತಟ್ಟೆ ಅಂದರೆ ಕನ್ನಡಿ ಇದ್ದ ಹಾಗೆ.

ಹಾಂ, ಅಕ್ಷರ ಬರೀ ಕಪ್ಪಾಗಿ ಕಂಡರೆ ಸಾಲದು, ಉಗುರಿಗೆ ಸಿಗುವಷ್ಟು ಆಳ ಇರಲಿ. ಮನೆಗೆ ಹೋದ ತಾಮ್ರವನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಮೇಲಿನ ಕಪ್ಪು ಒಂದೇ ತೊಳೆತಕ್ಕೆ ಹೋಗುತ್ತದೆ.